ತಾಮ್ರದ ಮೇಲಿನ ಪೊರೆ

ಚಿತ್ರದಲ್ಲಿ ಒಂದು ಕೋಣೆ. ಎಡಗಡೆಯ ಎತ್ತರದ ಕಿಟಕಿಯಿಂದ ಇಳಿದ ಬೆಳಕು ನೆಲದ ಹಲಗೆಗಳ ಮೇಲೆ ಓರೆಯಾಗಿ ಮಲಗಿದೆ. ಅದರ ಅಂಚು ಮೇಜಿನ ಒಂದು ಕಾಲನ್ನು ಮುಟ್ಟಿ, ಮುಂದಡಿಯಿಡಲು ಯಾರದೋ ಅಪ್ಪಣೆಗೆ ಕಾದಂತೆ ಅಲ್ಲೇ ನಿಂತಿದೆ. ಮೇಜಿನ ಮೇಲೊಂದು ಗಾಜಿನ ಲೋಟ, ಅದರಲ್ಲಿ ಅರ್ಧಮಟ್ಟದ ನೀರು, ನೀರಿನೊಳಗೆ ಮುರಿದು ಕಾಣುವ ಕಿಟಕಿಯ ಸರಳು. ಗೋಡೆ ಬಿಳಿಯೂ ಅಲ್ಲ, ಹಳದಿಯೂ ಅಲ್ಲ; ಹಳೆಯ ಕಾಗದದ ಹಿಂಬದಿಗಿರುವಂಥ ಬಣ್ಣ. ಮೇಜಿನ ಪಕ್ಕದ ಕುರ್ಚಿ, ಕೂತಿದ್ದವರು ಯಾರದೋ ಕರೆ ಕೇಳಿ ಈಗಷ್ಟೇ ಎದ್ದುಹೋದರೆಂಬಂತೆ, ತುಸು ಹೊರಳಿ ನಿಂತಿದೆ. ಯಾರೂ ಇಲ್ಲ. ಚಿತ್ರದ ಮೇಲ್ಭಾಗವೆಲ್ಲ ತೊಳೆದಿಟ್ಟಷ್ಟು ನಿಚ್ಚಳ. ಕೆಳಗೆ, ಕುರ್ಚಿಯ ಕಾಲುಗಳ ಹತ್ತಿರ ಬಂದಾಗ ಮಾತ್ರ ಎಲ್ಲವೂ ಮರಳು ಮರಳಾಗಿ, ಚುಕ್ಕೆ ಚುಕ್ಕೆಯಾಗಿ, ಹುಟ್ಟಬೇಕೋ ಬೇಡವೋ ಎಂದು ಇನ್ನೂ ನಿಶ್ಚಯಿಸದ ವಸ್ತುಗಳ ಒಂದು ಮಬ್ಬು. ಅಲ್ಲಿಗೆ ಬರುವಷ್ಟರಲ್ಲಿ ಚಿತ್ರ ಮೂಡಿಸುತ್ತಿದ್ದ ಯಂತ್ರ ಕಾದು ಕಣ್ಣುಮುಚ್ಚಿತ್ತು.

"ಪ್ರತಿಸಲಾನೂ ಇಲ್ಲೇ ಸಾಯತ್ತೆ," ಎಂದಳು ಹೆಂಡತಿ, ಪರದೆಯ ಕೆಳಗಿನ ಆ ಮರಳನ್ನು ಬೆರಳಿನಿಂದ ತೋರಿಸುತ್ತ. ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ತನ್ನದೇ ಮನೆಯ ಕೋಣೆಯೊಳಕ್ಕೆ ಕಾಲಿಡಲು ಯಾಕೋ ಸಂಕೋಚ. ಅವಳು ತಮ್ಮನ ಮನೆಗೆ ಹೋಗಿ ವರ್ಷದ ಮೇಲಾಗಿತ್ತು. ಈಗ ಅದೇ ತಮ್ಮನ ಕಾರಿನಲ್ಲಿ, ಕಂಪ್ಯೂಟರಿನ ಕರಿಯ ಪೆಟ್ಟಿಗೆಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದಿಳಿದಿದ್ದಳು. ಬಂದದ್ದು ಯಂತ್ರ, ಅವಳು ಅದರ ಜೊತೆಗೆ ಬಂದವಳು ಎಂದು ಅವನು ಗೇಟಿನ ಬಳಿಯೇ ತನಗೆ ತಾನು ತಿಳಿಹೇಳಿಕೊಂಡಿದ್ದ. ಆಮೇಲೆ ಏನಾದರೂ ಆಸೆ ಹುಟ್ಟಿದರೆ ಅದರ ಹೊಣೆ ತನ್ನದಲ್ಲವೆಂಬಂತೆ. ಮೊದಲೆಲ್ಲ ಮಾತಿಗೊಮ್ಮೆ 'ರೀ' ಎನ್ನುತ್ತಿದ್ದವಳು ಈಗ ಯಾವ ಕರೆಯೂ ಇಲ್ಲದೆ, ಗಾಳಿಗೆ ಹೇಳಿದಂತೆ ಮಾತಾಡುತ್ತಿದ್ದಳು. "ಅಂಗಡಿಯವರೆಲ್ಲ ಕೈಚೆಲ್ಲಿಬಿಟ್ರು. ಕೆಟ್ಟಿರೋದು ಚಿತ್ರ ಮೂಡಿಸೋ ಗ್ರಾಫಿಕ್ಸ್ ಕಾರ್ಡಿನ ಫ್ಯಾನು, ಅಂಥದು ಈಗ ಬರೋದೇ ನಿಂತುಹೋಗಿದೆಯಂತೆ. ಬೇರೆ ಕಾರ್ಡು ತರಿಸೋಣ ಅಂದ್ರೆ ಶುಕ್ರವಾರ ದಾಟತ್ತೆ. ಶುಕ್ರವಾರ ಚಿತ್ರಗಳು ಕೈಗೆ ಸೇರದೇ ಇದ್ರೆ ಕೆಲಸ ಹಳೇ ಆಫೀಸಿಗೇ ಹೋಗತ್ತೆ. ಅದರ ಹಿಂದೆ ನಾನೂ ಹೋಗ್ಬೇಕು. 'ನಿಮ್ಮ ಜಾಗ ಖಾಲೀನೇ ಇದೆ, ಯಾವಾಗ ಬೇಕಾದ್ರೂ ಬನ್ನಿ' ಅಂದಿದಾರೆ. ನಗ್ತಾ ಅಂದಿದಾರೆ."

ಇನ್ನೂ ಕಟ್ಟದ ಮನೆಗಳ ಒಳಗು ಹೇಗಿದ್ದೀತೆಂದು ಕಟ್ಟಿಸುವವರಿಗೆ ಮುಂಚೆಯೇ ತೋರಿಸುವುದು ಅವಳ ಕೆಲಸ. ಬೇರೆಯವರ ಕೈಕೆಳಗಿಲ್ಲದೆ, ತನ್ನ ಹೆಸರಿನಲ್ಲೇ ಹಿಡಿದ ಮೊದಲ ಕೆಲಸ ಇದು. ಅವನಿಗೆ ಅವಳ ಚಿತ್ರಗಳೆಂದರೆ ಒಂದು ಬಗೆಯ ಹೆದರಿಕೆ. ಒಮ್ಮೆ, ಅವಳ ಆಫೀಸಿನವರೆಲ್ಲ ಕೂಡಿದ್ದ ಊಟದ ಹೊತ್ತಿನಲ್ಲಿ, ಗೋಡೆಯ ಮೇಲೆ ಅವಳ ಚಿತ್ರ ಬೆಳಗಿ ಎಲ್ಲರೂ ಒಮ್ಮೆಲೇ ಸುಮ್ಮನಾದ ಆ ಗಳಿಗೆಯಲ್ಲಿ, ಅವನು ಮಾತ್ರ, "ಕಿಟಕಿ ಈ ಕಡೆ ಇದ್ರೆ ಹೂದಾನಿ ನೆರಳು ಹಾಗೆ ಬೀಳಬಾರದಲ್ಲ," ಎಂದಿದ್ದ. ಹೇಳಿದ್ದು ನಿಜವಾಗಿತ್ತು, ಅದೇ ಅದರ ಕೇಡು. ತಕ್ಕಡಿಗಳನ್ನು ಸರಿಮಾಡುತ್ತಲೇ ಕೂದಲು ನರೆತವನು ಅವನು. ಮುಳ್ಳು ಸೊನ್ನೆಯಲ್ಲಿ ನಿಂತಿದ್ದರೆ ಅವನ ಕಣ್ಣಿಗೆ ತಕ್ಕಡಿಯೇ ಕಾಣುತ್ತಿರಲಿಲ್ಲ. ಎಳೆಯಷ್ಟು ಸರಿದರೆ ಮಾತ್ರ ಕಾಣುತ್ತಿತ್ತು. ಹೋಗುವ ದಿನ ಅವಳು ಜಗಳವಾಡಿರಲಿಲ್ಲ. ಚೀಲದ ಜಿಪ್ಪು ಎಳೆಯುತ್ತ, "ನಿಮ್ಮ ಕೈಗೆ ಕೆಟ್ಟುಹೋದದ್ದು ಏನಾದ್ರೂ ಕೊಟ್ಟಿರಬೇಕು. ನೆಟ್ಟಗಿರೋದರ ಜೊತೆ ಹೇಗಿರೋದು ಅಂತ ನಿಮಗೆ ಗೊತ್ತಿಲ್ಲ," ಎಂದಷ್ಟೇ ಹೇಳಿದ್ದಳು. ಆ ಜಿಪ್ಪು ಅರ್ಧದಲ್ಲಿ ಸಿಕ್ಕಿಕೊಂಡಿತ್ತು. ಅವನು ಅದನ್ನು ಬಿಡಿಸಿಕೊಟ್ಟಿದ್ದ.

ಅಟ್ಟದ ಮೇಲಿನ ರಟ್ಟಿನ ಡಬ್ಬದಲ್ಲಿ, ಎಂದೋ ಸತ್ತ ಕಂಪ್ಯೂಟರೊಂದರ ಪ್ರೊಸೆಸರ್ ಕೂಲರು ಸಿಕ್ಕಿತು. ಅಂಗೈಗಿಂತ ದೊಡ್ಡದು, ಅಲ್ಯೂಮಿನಿಯಮ್ಮಿನ ತೆಳು ರೇಕುಗಳನ್ನು ಪುಸ್ತಕದ ಹಾಳೆಗಳಂತೆ ಒತ್ತಾಗಿ ಪೇರಿಸಿ, ಅವುಗಳ ನಡುವೆ ತಾಮ್ರದ ಕೊಳವೆಗಳನ್ನು ಹಾಯಿಸಿ, ಬದಿಗೊಂದು ಫ್ಯಾನು ಕಟ್ಟಿದ ಗೋಪುರ. ಅವನು ಅದರ ಧೂಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯುವುದನ್ನು ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು.

"ಅದು ಪ್ರೊಸೆಸರಿಗೆ ಅಂತ ಮಾಡಿದ್ದು. ಕಾರ್ಡಿಗಲ್ಲ."

"ಬಿಸಿಗೆ ಅದೆಲ್ಲ ಗೊತ್ತಾಗಲ್ಲ."

"ಕೂರತ್ತಾ?"

"ತಾನಾಗೇ ಕೂರಲ್ಲ. ಕೂರಿಸ್ಬೇಕು."

ಅವಳ ತುಟಿಯ ಒಂದು ಮೂಲೆ ಅಲುಗಿತೆಂದು ಅವನಿಗೆ ಅನಿಸಿತು; ತಲೆಯೆತ್ತುವಷ್ಟರಲ್ಲಿ ಬಾಗಿಲು ಖಾಲಿಯಾಗಿತ್ತು. ಕಾರ್ಡಿನ ಹಳೆಯ ಫ್ಯಾನುಗಳನ್ನೂ ಅವುಗಳ ಕೆಳಗಿನ ಹೊದಿಕೆಯನ್ನೂ ಬಿಚ್ಚಿದಾಗ, ನಡುವೆ ಕನ್ನಡಿಯಂಥ ಕರಿಯ ಚಿಪ್ಪು ಕಂಡಿತು. ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದು, ತಲೆಯ ಮೇಲೆ ಯಾವ ಮರೆಯೂ ಇಲ್ಲದ್ದು. ಇಷ್ಟೇ ಇಷ್ಟು ಜಾಗದಲ್ಲಿ ಅವಳ ಕೋಣೆಗಳೆಲ್ಲ ಹುಟ್ಟುತ್ತಿದ್ದವು. ಅವಳ ಕಿಟಕಿಗಳ ಬಿಸಿಲೆಲ್ಲ ಇಲ್ಲಿಯ ಬೇಗೆ. ಕೂಲರಿನ ಕಾಲುಗಳಿಗೂ ಕಾರ್ಡಿನ ತೂತುಗಳಿಗೂ ತಾಳೆಯಿರಲಿಲ್ಲ. ಕಾಲುಗಳನ್ನು ಗರಗಸದಿಂದ ಕೊಯ್ದುಹಾಕಿ, ಬೇರೊಂದು ಪಟ್ಟಿ ಮಾಡಿ, ಅದಕ್ಕೆ ತೂತು ಕೊರೆಯಬೇಕು. ಕೂಲರಿನ ತಳ ಅಗಲವಾದದ್ದರಿಂದ ಚಿಪ್ಪಿನ ಸುತ್ತ ತಲೆಯೆತ್ತಿ ನಿಂತ ಬಿಡಿಭಾಗಗಳಿಗೆ ತಾಗುತ್ತಿತ್ತು. ಹಾಗೆ ತಾಗದಂತೆ ನಡುವೆ ತಾಮ್ರದ ಒಂದು ಚೌಕ ಬಿಲ್ಲೆ ಇಡಬೇಕು. ಮಾಡಬೇಕಾದದ್ದು ಒಂದೊಂದೇ ಕಣ್ಣಿಗೆ ಕಟ್ಟುತ್ತಿದ್ದಂತೆ ಎದೆಯಲ್ಲಿ ಏನೋ ಹಗುರವಾಯಿತು. ಆ ಹಗುರದ ಬೆನ್ನಿಗೇ ಇನ್ನೊಂದು ಯೋಚನೆ ಬಂತು: ಇದು ಆದ ಮೇಲೆ ಅವಳು ಹೊರಡುತ್ತಾಳೆ.

ತಕ್ಕಡಿ ಕಾರ್ಖಾನೆಯಲ್ಲಿ ಕೊರೆಯುವ ಯಂತ್ರದ ಮುಂದೆ ಅವನು ಪಟ್ಟಿಯನ್ನು ಇಕ್ಕಳಕ್ಕೆ ಸಿಕ್ಕಿಸುತ್ತಿದ್ದಾಗ ಜೊತೆ ಕೆಲಸದ ಕ್ವಿಂಟಾಲ್ ಬಂದು ಪಕ್ಕದಲ್ಲಿ ನಿಂತ. ಗಾಳಿ ಬೀಸಿದರೆ ಹಾರಿಹೋಗುವಷ್ಟು ಸಣಕಲು ಮನುಷ್ಯ. ಅದಕ್ಕೇ ಆ ಹೆಸರು.

"ಏನ್ ಸಾರ್, ಇವತ್ತು ಮುಖ ತೊಳ್ಕೊಂಡು ಬಂದಿದೀರಾ?"

"ದಿನಾ ತೊಳೀತೀನಪ್ಪಾ."

"ಇಲ್ಲ ಸಾರ್, ಇವತ್ತು ಕನ್ನಡಿ ನೋಡ್ಕೊಂಡು ತೊಳೆದ ಹಾಗಿದೆ. ಮೇಡಂ ಬಂದಿದಾರಂತೆ?"

"ಕಂಪ್ಯೂಟರ್ ರಿಪೇರಿಗೆ ಬಂದಿದಾಳೆ."

"ಓಹೋ, ರಿಪೇರಿಗೆ." ಕ್ವಿಂಟಾಲ್ ಉಳಿದವರಿಗೂ ಕೇಳುವಂತೆ ದನಿಯೆತ್ತಿದ. "ನಮ್ಮನೇಲಿ ಮಿಕ್ಸಿ, ಗೀಸರು, ಗೋಡೆ ಗಡಿಯಾರ ಎಲ್ಲಾ ಕೆಟ್ಟು ಕೂತಿದೆ ಸಾರ್. ಏನ್ ಪ್ರಯೋಜನ? ನಮ್ಮವಳು ಮನೆ ಬಿಟ್ಟು ಎಲ್ಲೂ ಹೋಗೋದೇ ಇಲ್ಲ!"

ಎಲ್ಲರೂ ನಕ್ಕರು. ಅವನೂ ನಕ್ಕ, ನಗದೆ ಇದ್ದಿದ್ದರೆ ನೋವಾಯಿತೆಂದು ತಿಳಿದುಬಿಡುತ್ತಿತ್ತು. ನಕ್ಕದ್ದೇ ಹೆಚ್ಚಾಯಿತೇನೋ ಎಂದು ಆಮೇಲೆ ಬಹಳ ಹೊತ್ತು ಕೊರೆಯಿತು. ಉಗ್ರಾಣದಿಂದ ತಂದ ತಾಮ್ರದ ತಗಡಿನ ಎರಡೂ ಮುಖಕ್ಕೆ, ಮೆರುಗು ಕೆಡದಿರಲೆಂದು, ಕಣ್ಣಿಗೆ ಕಾಣದಷ್ಟು ತೆಳುವಾದ ಪಾರದರ್ಶಕ ಪೊರೆ ಅಂಟಿಸಿದ್ದರು. ಬೇರೆ ಯಾರಾದರೂ ಆಗಿದ್ದರೆ ಮೊದಲು ಅದನ್ನು ಸುಲಿದು ಬಿಸಾಡಿಯೇ ಕೆಲಸ ಶುರುಮಾಡುತ್ತಿದ್ದರು. ಅವನ ಕಸುಬಿನಲ್ಲಿ ಮೆರುಗಿನ ಲೋಹವನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಜಿಡ್ಡೂ ತೂಗುತ್ತದೆ, ತೂಕದ ಬಟ್ಟುಗಳನ್ನು ಮೆತ್ತನೆಯ ತೊಗಲಿನಿಂದಲೇ ಎತ್ತಬೇಕು ಎಂದು ಅವನೇ ಹೊಸಬರಿಗೆ ಕಲಿಸಿದವನು. ಪೊರೆಯನ್ನು ಹಾಗೇ ಉಳಿಸಿಕೊಂಡು ಬಿಲ್ಲೆ ಕತ್ತರಿಸಿದ, ಪೊರೆಯ ಸಮೇತ ಅಂಚುಗಳನ್ನು ಅರದಿಂದ ಉಜ್ಜಿದ. ಕಟ್ಟಕಡೆಯ ಗಳಿಗೆಯಲ್ಲಿ ತೆಗೆದರಾಯಿತು.

ಸಂಜೆ ಅವಳು ಟಾರ್ಚು ಹಿಡಿದು ಪಕ್ಕದಲ್ಲಿ ಕೂತಳು. ಮೇಜಿನ ಮೇಲೆ ದಿನಪತ್ರಿಕೆ ಹಾಸಿ, ಅದರ ಮೇಲೆ ಕಾರ್ಡನ್ನು ಅಂಗಾತ ಮಲಗಿಸಿ, ಅವನು ಬಿಲ್ಲೆಯ ಮೇಲ್ಮುಖದ ಪೊರೆ ಸುಲಿದು ಕೂಲರಿನ ತಳಕ್ಕೆ ಕೂರಿಸಿದ. ಚಿಪ್ಪಿನ ಮೇಲೆ, ಬಿಸಿ ದಾಟಿಸುವ ಬೂದುಬಣ್ಣದ ಪೇಸ್ಟನ್ನು ಕಾಳಿನಷ್ಟು ಇಟ್ಟ. ಸ್ಕ್ರೂಗಳನ್ನು ಅವನು ಕೇಳುವ ಮೊದಲೇ ಅವಳು ಒಂದೊಂದಾಗಿ ಕೊಡುತ್ತಿದ್ದಳು. ಈ ಕೈಗಳು ಒಂದನ್ನೊಂದು ಮರೆತಿರಲಿಲ್ಲ, ಮರೆತದ್ದು ಅವುಗಳ ಒಡೆಯರು ಮಾತ್ರ. ಎರಡೂ ಕೈಯಲ್ಲಿ ಗೋಪುರ ಹಿಡಿದು, ಇನ್ನೇನು ಅದನ್ನು ಕವುಚಿ ಚಿಪ್ಪಿನ ಮೇಲಿಡಬೇಕು, ಅಷ್ಟರಲ್ಲಿ ಅವಳು, "ಕನ್ನಡಕ ಜಾರ್ತಿದೆ," ಎಂದು ಒಂದೇ ಬೆರಳಿನಿಂದ ಅವನ ಮೂಗಿನ ಮೇಲಿಂದ ಅದನ್ನು ಮೇಲಕ್ಕೆ ತಳ್ಳಿದಳು. ಅಷ್ಟೇ. ಆ ಬೆರಳು ಹುಬ್ಬುಗಳ ನಡುವೆ ಉಳಿದದ್ದು ಎಷ್ಟು ಹೊತ್ತು? ಕಿಟಕಿಯ ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿದರು, ಅದು ನಿಂತಿತು. ಅವನು ಗೋಪುರವನ್ನು ಕವುಚಿ ಇಟ್ಟ. ಒಂದು ಮೂಲೆ ಬಿಗಿದರೆ ಅದರ ಎದುರು ಮೂಲೆ, ಮತ್ತೆ ಉಳಿದೆರಡು, ಚಿಪ್ಪು ಸೀಳದಂತೆ, ಉಸಿರು ಬಿಗಿಹಿಡಿದು.

ಪೆಟ್ಟಿಗೆಯಲ್ಲಿ ಕಾರ್ಡನ್ನು ಸಿಕ್ಕಿಸಿದಾಗ ಗೋಪುರ ಹೊರಕ್ಕೆ ಚಾಚಿಕೊಂಡು, ಪೆಟ್ಟಿಗೆಯ ಪಕ್ಕದ ಬಾಗಿಲು ಮುಚ್ಚದಾಯಿತು. ಭಾರಕ್ಕೆ ಬಾಗದಂತೆ ಅದನ್ನು ಮೇಲಿನಿಂದ ತಂತಿ ಹಾಕಿ ಕಟ್ಟಿದ. ಫ್ಯಾನು ಸದ್ದಿಲ್ಲದೆ ತಿರುಗಿತು. ಪರದೆಯ ಮೂಲೆಯಲ್ಲಿ ಬಿಸಿಯ ಅಂಕಿ ಏರತೊಡಗಿತು. ಏರುತ್ತ ನಿಲ್ಲಲೇ ಇಲ್ಲ. ಚಿತ್ರ ಈ ಸಲ ಕುರ್ಚಿಯವರೆಗೂ ಬರಲಿಲ್ಲ. ಲೋಟದ ನೀರು ಮೂಡುವ ಮೊದಲೇ ಎಲ್ಲವೂ ಕಪ್ಪಾಯಿತು. ಅವಳು ಒಂದಿಷ್ಟು ಹೊತ್ತು ಆ ಕಪ್ಪಿನಲ್ಲಿ ತನ್ನ ಮುಖವನ್ನೇ ನೋಡುತ್ತ ಕೂತಿದ್ದು, "ಹೋಗ್ಲಿ ಬಿಡಿ," ಎಂದಳು. ಅವನು, "ನಾಳೆ ಬಿಚ್ಚಿ ನೋಡ್ತೀನಿ," ಎಂದ.

ಗೊತ್ತಾದದ್ದು ಕೈ ತೊಳೆಯುವಾಗ. ಅಂಗಿಯ ತೋಳಿಗೆ ಏನೋ ಮಿನುಗುವುದು ಅಂಟಿಕೊಂಡಿತ್ತು. ಬೆಳಕಿಗೆ ಹಿಡಿದರೆ ಪೊರೆ, ಚೌಕಾಕಾರದ್ದು, ಬಿಲ್ಲೆಯ ಅಳತೆಯದೇ. ಒಂದೇ ಒಂದು. ಮೇಜಿನ ಮೇಲೆ ಹುಡುಕಿದ, ಪತ್ರಿಕೆಯ ಮಡಿಕೆಗಳಲ್ಲಿ, ನೆಲದ ಮೇಲೆ, ಚಪ್ಪಲಿಯ ತಳದಲ್ಲಿ. ಇನ್ನೊಂದಿರಲಿಲ್ಲ. ಅದು ತಾಮ್ರಕ್ಕೂ ಚಿಪ್ಪಿಗೂ ನಡುವೆ, ಆ ಬೆರಳಿನ ಗಳಿಗೆಯ ಅಡಿಯಲ್ಲಿ, ಮುಚ್ಚಿಹೋಗಿತ್ತು. ಬಿಸಿ ತಾಮ್ರವನ್ನು ಸೇರುತ್ತಿರಲಿಲ್ಲ. ಎರಡರ ನಡುವೆ ಕಾಣದ ಒಂದು ಮರೆ, ಎರಡೂ ಒಂದಕ್ಕೊಂದು ಒತ್ತಿಕೊಂಡೇ ಇದ್ದರೂ. ಕೂಗಿ ಹೇಳಲು ಬಾಯಿ ತೆರೆದ. ಪಕ್ಕದ ಕೋಣೆಯಲ್ಲಿ ಅವಳು ಹಾಸಿಗೆಯ ಹೊದಿಕೆ ಕೊಡವುತ್ತಿದ್ದ ಸದ್ದು, ಬಟ್ಟೆ ಗಾಳಿಯಲ್ಲಿ ಬಿಚ್ಚಿ ಮಡಚುವ ಸದ್ದು. ಈ ಮನೆಯಲ್ಲಿ ಎಷ್ಟು ಕಾಲವಾಯಿತು ಅದನ್ನು ಕೇಳಿ. ಬಾಯಿ ಮುಚ್ಚಿದ. ನಾಳೆ ಎಂದಿದ್ದೇನಲ್ಲ, ನಾಳೆಯೂ ಶುಕ್ರವಾರಕ್ಕೆ ಮುಂಚೆಯೇ ಬರುತ್ತದಲ್ಲ. ಪೊರೆಯನ್ನು ಮಡಚಿ ಜೇಬಿಗೆ ಹಾಕಿಕೊಂಡ. ಅವಳು ಕೇಳದೆಯೇ ಎರಡು ತಟ್ಟೆ ಇಟ್ಟಳು. ಎದುರುಬದುರು ಕೂತು ಉಂಡರು. ತಂಬಿಗೆಯನ್ನು ಅವಳತ್ತ ಸರಿಸುವಾಗ, ಕದ್ದ ತಿಂಡಿಯನ್ನು ಬಾಯಲ್ಲಿಟ್ಟುಕೊಂಡವನ ಹಾಗೆ ಅವನಿಗೆ ಸುಖವೂ ಹೇಸಿಗೆಯೂ ಒಟ್ಟೊಟ್ಟಿಗೆ ಆದವು. ಆ ರಾತ್ರಿ ಅವಳ ಬಾಗಿಲ ಸಂದಿಯಿಂದ ದೀಪದ ಗೆರೆ ನೆಲದ ಮೇಲೆ ಬಿದ್ದೇ ಇತ್ತು.

ಬೆಳಿಗ್ಗೆ ಅವಳಿನ್ನೂ ಬಾಗಿಲು ತೆರೆಯುವ ಮೊದಲೇ ಅವನು ಕೆಲಸಕ್ಕೆ ಹೋದ. ಅರ್ಧ ದಿನದಿಂದ ಏನೂ ಮುಳುಗಿಹೋಗುವುದಿಲ್ಲ ಎಂದು ದಾರಿಯುದ್ದಕ್ಕೂ ಹೇಳಿಕೊಂಡ. ಆಸ್ಪತ್ರೆಯೊಂದರಿಂದ ಬಂದಿದ್ದ, ಎಳೆಮಕ್ಕಳನ್ನು ತೂಗುವ ತಕ್ಕಡಿ ಅವನ ಮುಂದಿತ್ತು. ಎಷ್ಟು ತಿದ್ದಿದರೂ ಮುಳ್ಳು ಸೊನ್ನೆಗೆ ಬಂದು, ಅಲ್ಲಿ ನಿಲ್ಲಲು ನಾಚಿದಂತೆ, ಒಂದೆಳೆ ಪಕ್ಕಕ್ಕೆ ಸರಿಯುತ್ತಿತ್ತು. ಖಾಲಿ ತಟ್ಟೆ. ಏನೂ ಇಲ್ಲದ ತಟ್ಟೆ ಏನನ್ನೋ ತೂಗುತ್ತಿದೆ. ರಾತ್ರಿಯೆಲ್ಲ ನಿದ್ದೆಯಿಲ್ಲದೆ ಒಬ್ಬಳು ಕೂತಿದ್ದಳು, ಗೋಡೆಯ ಈಚೆ ಒಬ್ಬ ಆ ದೀಪದ ಗೆರೆಯನ್ನು ನೋಡುತ್ತ ಮನೆ ತುಂಬಿದೆ ಎಂದುಕೊಂಡು ಮಲಗಿದ್ದ. ಹಸಿವಿಲ್ಲವೆಂದು ಹೇಳಿ ಮಧ್ಯಾಹ್ನ ಎದ್ದುಬಂದುಬಿಟ್ಟ. ಮನೆಯ ಮುಂದೆ ಭಾವಮೈದುನನ ಕಾರು ನಿಂತಿತ್ತು.

"ಬನ್ನಿ ಭಾವ, ಬನ್ನಿ! ನಿಮ್ಮ ಮನೆಗೆ ನಿಮ್ಮನ್ನೇ ಕರೀತಿದೀನಿ ನೋಡಿ," ಎಂದ ಭಾವಮೈದುನ, ದೊಡ್ಡ ಮೈಯನ್ನು ಸಣ್ಣ ಸ್ಟೂಲಿನ ಮೇಲಿಟ್ಟುಕೊಂಡು. "ಇದೇನ್ ಭಾವ, ಫ್ಯಾನು ಹಾಕಿ ಅಂದ್ರೆ ಎರಡಂತಸ್ತು ಎಬ್ಬಿಸಿಬಿಟ್ಟಿದೀರಿ! ಈ ಪೆಟ್ಟಿಗೆಗೆ ಬಾಗಿಲು ಹಾಕೋದು ಹೇಗೆ?"

"ಸುಮ್ನಿರೋ," ಎಂದಳು ಅಕ್ಕ. ಅವಳ ಚೀಲ ತುಂಬಿತ್ತು. ಕಣ್ಣ ಕೆಳಗೆ ನೆರಳು. ಕೈಯಲ್ಲಿ ಫೋನು. "ಹಳೇ ಆಫೀಸಿಗೆ ಹೇಳಿಬಿಡ್ತೀನಿ. ಕೊನೇ ಗಳಿಗೇಲಿ ಹೇಳೋದಕ್ಕಿಂತ ಇವತ್ತೇ ಹೇಳಿದ್ರೆ ಒಂಚೂರಾದ್ರೂ ಮರ್ಯಾದೆ ಉಳಿಯತ್ತೆ."

"ಫೋನ್ ಮಾಡ್ಬೇಡ," ಎಂದ ಅವನು. ದನಿ ತನ್ನದಲ್ಲವೆಂಬಂತೆ ಹೊರಬಂತು. "ಅದು ಸರಿಹೋಗತ್ತೆ. ಬಿಲ್ಲೆಯ ಕೆಳಗೆ ಪೊರೆ ಉಳಿದಿದೆ. ನಾನು ತೆಗೀಲಿಲ್ಲ."

"ಯಾವಾಗ ಗೊತ್ತಾಯ್ತು?"

ಈಗ, ಎನ್ನಬಹುದಾಗಿತ್ತು. ದಾರಿಯಲ್ಲಿ ಬರುತ್ತ ಹೊಳೆಯಿತು ಎನ್ನಬಹುದಾಗಿತ್ತು. ಅದಕ್ಕೇ ಓಡಿಬಂದೆ ಎಂದರೆ ಅವಳ ಮುಖ ಅರಳಲೂಬಹುದಾಗಿತ್ತು. "ನಿನ್ನೆ," ಎಂದ. "ಕೈ ತೊಳೆಯೋವಾಗ."

ಭಾವಮೈದುನ ಒಮ್ಮೆ ಅಕ್ಕನನ್ನೂ ಒಮ್ಮೆ ಸೂರನ್ನೂ ನೋಡಿ, "ಕಾರಿನ ಚಕ್ರಕ್ಕೆ ಗಾಳಿ ಕಡಿಮೆಯಿದೆ, ಹೊಡಿಸ್ಕೊಂಡು ಬರ್ತೀನಿ," ಎಂದು ಎದ್ದ.

"ರಾತ್ರಿಯೆಲ್ಲಾ ನಾನು ನಿದ್ದೆ ಮಾಡಿಲ್ಲ," ಎಂದಳು ಅವಳು, ತಮ್ಮ ಹೋದ ಮೇಲೆ.

"ಗೊತ್ತು. ದೀಪ ಕಾಣ್ತಿತ್ತು."

"ದೀಪ ಕಾಣ್ತಿತ್ತು," ಎಂದು ಅವಳು ಮೆಲ್ಲಗೆ ಹೇಳಿದಳು, ಆ ಮಾತನ್ನು ತೂಗಿನೋಡುವಂತೆ. ಆಮೇಲೆ ಯಾವ ಮಾತಾದರೂ ಬರಬಹುದೆಂದು ಅವನು ಕಾದು ನಿಂತ. ಬೈಗುಳ ಬಂದಿದ್ದರೆ ಎಷ್ಟೋ ನೆಮ್ಮದಿಯಾಗುತ್ತಿತ್ತು. "ಬಿಚ್ಚಿ," ಎಂದಳು.

ಬಿಚ್ಚಿದ. ಪೇಸ್ಟು ಮೆತ್ತಿದ ಬಿಲ್ಲೆಯನ್ನು ಒರೆಸಿ ಅವಳ ಮುಂದೆ ಹಿಡಿದ. ಅವಳು ಉಗುರಿನಿಂದ ಒಂದು ಮೂಲೆ ಎಬ್ಬಿಸಿ ಎಳೆದಾಗ, ಬಿಸಿಗೆ ಅಲ್ಲಲ್ಲಿ ಸುಕ್ಕುಗಟ್ಟಿದ್ದ ಪೊರೆ ಕರಕರನೆ ಬಿಟ್ಟುಕೊಂಡಿತು. ಅಡಿಯಲ್ಲಿ ತಾಮ್ರ, ಯಾರೂ ಎಂದೂ ಮುಟ್ಟದ ಹೊಳಪಿನಲ್ಲಿ. ಅದರಲ್ಲಿ ಇಬ್ಬರ ಮುಖಗಳೂ ಕೆಂಪಗೆ, ಗುರುತು ಸಿಗದಂತೆ ಕಂಡವು. ಅವಳು ಟಾರ್ಚು ಹಿಡಿದಳು. ಕನ್ನಡಕ ಮತ್ತೆ ಜಾರಿತು. ಅವನೇ ತೋಳಿನಿಂದ ಅದನ್ನು ಮೇಲಕ್ಕೆ ತಳ್ಳಿಕೊಂಡ.

ಅಂಕಿ ಏರಿತು; ಅರವತ್ತರ ಆಚೆ ಸ್ವಲ್ಪ ದೂರ ಹೋಗಿ, ದಣಿದಂತೆ ನಿಂತಿತು. ನಿಂತೇ ಇತ್ತು. ಗಾಳಿ ಹೊಡಿಸಿಕೊಂಡು ಮರಳಿದ ಭಾವಮೈದುನ ಸ್ಟೂಲಿನ ಮೇಲೆಯೇ ತೂಕಡಿಸತೊಡಗಿದ. ಇವರಿಬ್ಬರೂ ಪರದೆಯ ಮುಂದೆ ಕೂತರು. ಬೆಳಕು ಕಿಟಕಿಯಿಂದ ಇಳಿಯಿತು, ಲೋಟದಲ್ಲಿ ನೀರು ಮೂಡಿತು. ಕೊನೆಗೆ ಕುರ್ಚಿಯ ಬುಡದ ಮರಳು ಕದಲಿ, ಸೋಸಿ, ತಿಳಿಯಾಗಿ, ತಳ ಕಾಣುವ ನೀರಿನಂತೆ ನಿಚ್ಚಳವಾಯಿತು. ಕುರ್ಚಿಯ ಹಿಂಗಾಲಿನ ಮೇಲೆ ಹಿತ್ತಾಳೆಯ ಒಂದು ಪಟ್ಟಿ. ಪಟ್ಟಿಯ ಮೇಲೆ ಮೂರು ಸ್ಕ್ರೂ. ಅವನು ಪರದೆಯತ್ತ ಬಾಗಿದ. ಆ ಕುರ್ಚಿ ಅಡುಗೆಮನೆಯಲ್ಲಿತ್ತು, ಈಗಲೂ. ಅದರ ಮುರಿದ ಕಾಲಿಗೆ ಆ ಪಟ್ಟಿ ಹೊಡೆದವನು ಅವನೇ.

"ಕಟ್ಟಿಸೋರು ಒಪ್ತಾರಾ? ಹೊಸ ಮನೇಲಿ ಇಂಥ ಕುರ್ಚಿ?"

"ಹೊಸ ಮನೇಲಿ ಒಂದು ಹಳೇದು ಇರ್ಬೇಕು," ಎಂದಳು ಅವಳು ಪರದೆಯಿಂದ ಕಣ್ಣು ತೆಗೆಯದೆ. "ಇಲ್ದಿದ್ರೆ ಅಲ್ಲಿ ಯಾರೋ ಇರ್ತಾರೆ ಅಂತ ನಂಬೋಕೇ ಆಗಲ್ಲ."

ನಡುವಿನ ಸ್ಕ್ರೂವಿನ ಗೆರೆ ನಿಜವಾದ ಕುರ್ಚಿಯಲ್ಲಿ ಅಡ್ಡಕ್ಕಿತ್ತು, ಚಿತ್ರದಲ್ಲಿ ಓರೆಯಾಗಿತ್ತು. ಅದು ಅವನ ಕಣ್ಣಿಗೆ ಬಿತ್ತು; ನಾಲಿಗೆಯ ತುದಿಗೂ ಬಂತು. "ಚೆನ್ನಾಗಿದೆ," ಎಂದ. ಅವಳು ತಿರುಗಿ ಅವನ ಮುಖ ನೋಡಿದಳು. ಮುಂದಿನ ಮಾತು ಎಲ್ಲಿ ಎಂದು ಕಾದಳೇನೋ. ಅದು ಬರಲಿಲ್ಲ.

ಉಳಿದ ಚಿತ್ರಗಳೆಲ್ಲ ಮುಗಿದು, ಶುಕ್ರವಾರ ಬೆಳಗಾಗುವಷ್ಟರಲ್ಲಿ ಕಳಿಸಬೇಕಾದವರಿಗೆ ಕಳಿಸಿಯೂ ಆಗಿತ್ತು. ಭಾವಮೈದುನ ಕರಿಯ ಪೆಟ್ಟಿಗೆಯನ್ನು, ಒಳಗಿನದೆಲ್ಲ ಕಾಣುವಂತೆ ತೆರೆದಂತೆಯೇ, ಎರಡೂ ತೋಳಲ್ಲಿ ತಬ್ಬಿ ಎತ್ತಿಕೊಂಡು, "ಭಾವ, ಇದನ್ನ ನೋಡಿದೋರು ಬಾಂಬು ಅಂದ್ರೆ ನಿಮ್ಮ ಹೆಸರೇ ಹೇಳೋದು," ಎನ್ನುತ್ತ ಮೆಟ್ಟಿಲಿಳಿದ. ಪೆಟ್ಟಿಗೆಯ ಪಕ್ಕದ ಬಾಗಿಲು ಗೋಡೆಗೆ ಒರಗಿ ಉಳಿಯಿತು.

"ಹೊರಕ್ಕೆ ಉಬ್ಬಿರೋ ಬೇರೆ ಬಾಗಿಲು ಮಾಡಿಕೊಡ್ತೀನಿ," ಎಂದ ಅವನು. "ಮುಚ್ಚೋ ಹಾಗೆ."

"ಬೇಡ. ತೆರೆದೇ ಇರಲಿ. ಗಾಳಿಯಾಡತ್ತೆ."

ಇರು, ಎಂಬ ಒಂದು ಮಾತಿತ್ತು. ಎಷ್ಟು ಸಣ್ಣದು, ಎಳೆಮಕ್ಕಳ ತಕ್ಕಡಿಯಲ್ಲಿಟ್ಟರೂ ಮುಳ್ಳು ಅಲುಗದಷ್ಟು. ಅದನ್ನು ಆಡುವ ಹಕ್ಕನ್ನು, ಪೊರೆಯನ್ನು ಮಡಚಿ ಜೇಬಿಗಿಟ್ಟ ಆ ಸಂಜೆಯೇ ಕಳೆದುಕೊಂಡೆನೆಂದು ಅವನಿಗೆ ಅನಿಸಿತು. ಅಥವಾ ಹಾಗೆ ಅಂದುಕೊಳ್ಳುವುದೇ ಹೇಳದಿರಲು ಇನ್ನೊಂದು ನೆಪವೋ. ಅವಳು ಚೀಲ ಹೆಗಲಿಗೇರಿಸಿ, ಹೊಸ್ತಿಲು ದಾಟಿ, ತಿರುಗಿದಳು.

"ರೀ."

ಅವನು ತಲೆಯೆತ್ತಿದ.

"ಆ ಕನ್ನಡಕ ಒಂಚೂರು ಬಿಗಿ ಮಾಡ್ಕೊಳ್ಳಿ. ಊರಲ್ಲಿರೋದೆಲ್ಲ ಬಿಗಿ ಮಾಡ್ತೀರಿ."

ಈ ಮನೆಯ ಬಾಗಿಲು ಮೊದಲು ಜಗ್ಗಿಹೋಗಿತ್ತು. ಹಿಡಿಕೆ ಹಿಡಿದು ತುಸು ಮೇಲಕ್ಕೆತ್ತಿ ಎಳೆದರೆ ಮಾತ್ರ ಮುಚ್ಚುತ್ತಿತ್ತು. ಅವಳು ಬಿಟ್ಟುಹೋದ ಮೇಲಿನ ಯಾವುದೋ ಭಾನುವಾರ, ಮಾಡಲು ಬೇರೇನೂ ತೋಚದೆ, ಅವನು ಅದನ್ನು ಸರಿಮಾಡಿಬಿಟ್ಟಿದ್ದ. ಬಂದಾಗಿನಿಂದ ಅದನ್ನು ಮುಚ್ಚುವ ಪ್ರಮೇಯ ಬಂದಿರದ ಅವಳ ಕೈಗೆ ಅದು ಗೊತ್ತಿರಲಿಲ್ಲ. ಕೈ ಹಳೆಯ ರೂಢಿಯಂತೆ ಹಿಡಿಕೆಯನ್ನು ಮೇಲಕ್ಕೆತ್ತಿ ಎಳೆಯಿತು. ಚಿಲಕ ತನ್ನ ಗುಳಿಯನ್ನು ತಪ್ಪಿ, ಬಾಗಿಲು ಅಂಗೈಯಗಲ ತೆರೆದು ನಿಂತಿತು. ಆ ಸಂದಿಯಲ್ಲಿ ಅವನಿಗೆ ಅವಳ ಬೆರಳುಗಳು ಕಂಡವು, ಹಿಡಿಕೆಯ ಮೇಲೆ, ಎತ್ತಿದಂತೆಯೇ, ಯೋಚಿಸುತ್ತ. ಆಮೇಲೆ ಅವು ಸಡಿಲವಾದವು. ಈ ಸಲ ಅವಳು ನೇರವಾಗಿ ಎಳೆದಳು. ಬಾಗಿಲು ಒಂದಿಷ್ಟೂ ಸದ್ದಿಲ್ಲದೆ, ಎಳೆಯಷ್ಟೂ ತಪ್ಪಿಲ್ಲದೆ, ಮುಚ್ಚಿಕೊಂಡಿತು.